ವಾಲ್‌ಟ್ಯೂಬು

ಜತ್ತದ ಸ್ಟ್ಯಾಂಡಿನ ಹಿಂದ, ಹೊಲಿಗಿ ಮಷೀನು ರಿಪೇರಿ ನಂದು.
ಭರಮು ಚೌಗಲೆ ಸೈಕಲ್ಲಿಗೆ ಕಟ್ಟಿ ತಂದ,
ಮದಗುಣಕಿ ಹೂವಿನಂಗ ಬಾಯಿ ತೆರೆದ ಪೆಟ್ಟಿಗಿ.
"ಕೂಗತೈತಿ, ಆದರ ಮಾತು ತಿಳಿಯಾಂಗಿಲ್ಲ.
ಹಾಡು ಮರಾಠಿ ಅಂತಾಳ ಅಕ್ಕ. ಕನ್ನಡ ಅಂತೀನಿ ನಾ.
ಮೂವತ್ತು ವರ್ಷಾತು ಈ ತಕರಾರಿಗೆ.
ನೀ ಬರೇ ದನಿ ತಿಳಿ ಮಾಡು."

ದನಿ ಅಂದರ ಬಾವಿ ನೀರೇನು,
ಪಟಿಕ ತಿರುವಿ ತಿಳಿ ಮಾಡಾಕ?

ಕೀಲಿ ಕೊಟ್ಟೆ. ಸ್ಪ್ರಿಂಗು ಢಬ್ಬಂತ ಒಳಗ ಜಿಗೀತು.
ಒಣಗಿದ ಗ್ರೀಸು, ಎಷ್ಟೋ ಬೇಸಿಗಿಯ ಬೆಲ್ಲದಂಟು.
ಸೀಮೆಎಣ್ಣ್ಯಾಗ ತೊಳೆದೆ,
ಪೆನ್ಸಿಲ್ಲಿನ ಸೀಸ ಅರೆದು ಹೊಸ ಗ್ರೀಸಿಗೆ ಕಲಸಿ ಹಚ್ಚಿದೆ.
ಗವರ್ನರಿನ ಮೂರು ಗುಂಡಿನೊಳಗ ಒಂದು ಕುಂಟತಿತ್ತು.
ತಟ್ಟೆಯಂಚಿಗೆ ಸುಣ್ಣದ ಬೊಟ್ಟಿಟ್ಟು ಸುತ್ತು ಎಣಿಸಿದೆ,
ಸಾಂಗಲಿ ಬಸ್ಸು ಹಾರ್ನ್ ಹೊಡೆದು ಲೆಕ್ಕ ತಪ್ಪಿತು,
ಮತ್ತ ಮೊದಲಿಂದ: ನಿಮಿಷಕ್ಕ ಎಪ್ಪತ್ತೊಂದು.
ಇನ್ನೂ ಏಳು ಬೇಕು.

ದನಿಯ ರೋಗ ಬ್ಯಾರೆ ಕಡೆ.
ಅಂಗೈಯಷ್ಟು ಡಬ್ಬಿ, ಒಳಗ ಅಭ್ರಕದ ಬಿಲ್ಲೆ,
ಸುತ್ತಿನ ರಬ್ಬರು ಕಲ್ಲಾಗಿ ಕೂತಿತ್ತು.
ಅಭ್ರಕ ನಡುಗಬೇಕಂದರ
ಹಿಡಿದ ಕೈ ಮೆತ್ತಗಿರಬೇಕು.
ಬಾಜೂಕ ಮಕಬೂಲನ ಸೈಕಲ್ ಅಂಗಡಿ.
ವಾಲ್‌ಟ್ಯೂಬು, ಎರಡು ಗೇಣು, ಉದ್ರಿ.
ಬಿಲ್ಲೆಯ ಎರಡೂ ಮಗ್ಗಲಿಗೆ ಬಳಸಿದೆ,
ನಡುವಿನ ತೂತಿಗೆ ಜೇನುಮೇಣ ಒಂದು ಹನಿ.
ಉಕ್ಕಿನ ಸೂಜಿ ತಗದು
ಹಿತ್ತಲ ಜಾಲಿಯ ಮುಳ್ಳು ಕೂಡಿಸಿದೆ.

ಸಂಜೀಕ ಅಕ್ಕ ಇಂದುಬಾಯಿನೂ ಬಂದಳು.
ಕೂಡಲಿಲ್ಲ. ಚಪ್ಪಲಿ ಕಳೀಲಿಲ್ಲ.

ಮೊದಲು ಚುರಮುರಿ ಹುರಿದಂಗ ಸದ್ದು,
ಅದರಾಗಿಂದ ಹೆಣ್ಣುದನಿ, ಸಣ್ಣದು,
ಜಾಲಿಮುಳ್ಳಿಗೆ ಇಷ್ಟು ಮೆತ್ತಗ ನಡೆಯೋದು
ಯಾರು ಕಲಿಸಿದರೋ.
ಒಂದೊಂದು ಅಕ್ಷರ ಬಿಡಿಬಿಡಿ.
ಮರಾಠಿ. ಅಪ್ಪಟ ಮರಾಠಿ.
ಇಂದುಬಾಯಿ ತಮ್ಮನ ಕಡೆ ನೋಡಲಿಲ್ಲ,
ಗೆದ್ದವರು ನೋಡಬಾರದು.
ಭರಮು ಸೈಕಲ್ಲಿನ ಹಗ್ಗ ಸುತ್ತತಾ ನಿಂತ.

ಹಾಡು ಮುಗೀತು. ಮುಳ್ಳೆತ್ತಾಕ ಕೈ ಚಾಚಿದೆ.
ಪೇಟಿಯ ಗಾಳಿ ಇಳಿಯೋ ಸಪ್ಪಳ, ಒಂದು ಉಸಿರು,
ಆಮ್ಯಾಲ ಮಗ್ಗಲ ಕೂತ ಯಾರಿಗೋ ಆಕಿ, ಮೆಲ್ಲಗ:
"ಸಾಕೇನ, ಕಾಕಾ?"

ತಟ್ಟೆ ತಿರಗತಾನ ಇತ್ತು.
ಮಕಬೂಲ ಪಂಪು ಒತ್ತೋದು ಬಿಟ್ಟು ಬಾಗಿಲಿಗೆ ಬಂದಿದ್ದ.
"ಇನ್ನೊಮ್ಮೆ ಹಚ್ಚು," ಅಂದಳು ಇಂದುಬಾಯಿ,
ಚಪ್ಪಲಿ ಕಳೆದು.

ಮುಳ್ಳಿನ ಮೊನೆ ಮೊಂಡಾಗಿತ್ತು.
ಚಾಕು ಹುಡುಕಿದೆ.