ಬರೀ ಎರಡು ತುಂಡು

ಜೂನ್‌ನಲ್ಲಿ ಹೊಸ ಪುಸ್ತಕ ಬಂತು, ಹಗ್ಗ ಬಿಚ್ಚದ ಕಟ್ಟು.
ಅದರ ಮೇಲೊಂದು ಸುತ್ತೋಲೆ,
ಸುತ್ತೋಲೆಯ ಬೆನ್ನಿಗೇ ತಿದ್ದುಪಡಿ.
ಮಂಡ್ಯದಲ್ಲಿ ಮೂರು ದಿನ ತರಬೇತಿ.
ಗೋಡೆಯ ಮೇಲೆ ಚಿತ್ರಗಳು ಓಡಿದವು, ಟೀ ಆರಿತ್ತು,
ವಾಪಸು ಬಸ್ಸು ತೂಬಿನಕೆರೆ ದಾಟುವ ಹೊತ್ತಿಗೆ
ನನಗೆ ನೆನಪಿದ್ದದ್ದು ಟೀ ಒಂದೇ.

ಇಪ್ಪತ್ತಾರು ವರ್ಷ ಭಿನ್ನರಾಶಿ ಹೇಳಿಕೊಟ್ಟವನು ನಾನು.
ಅಂಶ ಮೇಲೆ, ಛೇದ ಕೆಳಗೆ, ನಡುವೆ ಗೆರೆ.
ಬಾಯಿಪಾಠ ಮಾಡಿದವರು ಪಾಸಾದರು,
ಒಬ್ಬ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿದ್ದಾನೆ,
ಲಾರಿ ನಿಲ್ಲಿಸಿಯಾದರೂ ನಮಸ್ಕಾರ ಹಾಕುತ್ತಾನೆ.
ಈಗ ಪುಸ್ತಕ ಹೇಳುತ್ತದೆ: ಮೊದಲು ಗೆರೆ ಬೇಡ,
ಮಕ್ಕಳೇ ಒಡೆಯಲಿ, ಹಂಚಲಿ, ಜಗಳವಾಡಲಿ,
ಹೆಸರು ಆಮೇಲೆ.
ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ, ಭಯ.
ಐವತ್ಮೂರರ ಭಯ
ಸಿಟ್ಟಿನ ಅಂಗಿ ತೊಟ್ಟುಕೊಂಡೇ ಹೊರಗೆ ಬರುವುದು.

ಪುಟ್ಟಸಿದ್ದಮ್ಮ ಮೇಡಂ
‘ಮಾಡಲೇಬೇಕು’ ಅನ್ನಲಿಲ್ಲ,
‘ಬುಡಿ, ಹಳೇದೇ ಮಾಡಿ’ ಎಂದೂ ಅನ್ನಲಿಲ್ಲ.
ಒಂದು ಶನಿವಾರ ಕೈಚೀಲದಲ್ಲಿ ಆಲೆಮನೆಯ ಬೆಲ್ಲ,
ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದು ಬಂದರು.
‘ಇವತ್ತು ಐದನೇ ಕ್ಲಾಸು ನಂದು.
ನೀವೆಲ್ಲ ಹಿಂದಿನ ಬೆಂಚು.’

ಮೊಣಕಾಲು ಮಡಚಿ ಕೂತೆವು:
ನಾನು, ಫರೀದಾ, ಪಿ.ಟಿ. ಮೇಷ್ಟ್ರು ಕೆಂಪರಾಜು.
ಮೇಡಂ ಹೊಡೆದರು. ಬೆಲ್ಲ ಸಿಡಿಯಿತು.
ಒಂದು ಚೂರು ಬೀರುವಿನ ಅಡಿಗೆ ಹಾರಿತು.
‘ನೋಡಿ ಮಕ್ಕಳೇ, ಇದು ಅರ್ಧ, ಇದು ಅರ್ಧ.’
ಗಾನವಿ ಎದ್ದು ನಿಂತಳು;
ಅವಳಪ್ಪ ಕೊಪ್ಪರಿಗೆಯ ಮುಂದೆ ನಿಲ್ಲುವವನು,
ಬೆಲ್ಲದ ಬಗ್ಗೆ ಅವಳಿಗೆ ಸುಳ್ಳು ಹೇಳಲಾಗದು.
‘ಅದು ಅರ್ಧ ಅಲ್ಲ ಕನ ಮೇಡಂ,
ಬರೀ ಎರಡು ತುಂಡು.’

ಇಂಥ ಮೌನದಲ್ಲಿ ನಾವು ಏನು ಮಾಡುತ್ತೇವೆಂದು ನನಗೆ ಗೊತ್ತು.
‘ಕೂತ್ಕೊ’ ಎನ್ನುತ್ತೇವೆ.
ಮೇಡಂ ತಾವೇ ಕೂತರು, ನೆಲದ ಮೇಲೆ,
ಸೆರಗಿಗೆಲ್ಲ ಬೆಲ್ಲದ ಪುಡಿ.
‘ಹಂಗಾರೆ ಅರ್ಧ ಎಂಗ್ ಮಾಡದು, ತೋರ್ಸವ್ವ.’

ಆಮೇಲಿನದು ಪಾಠವೋ ಸಂತೆಯೋ.
ಬಿಸಿಯೂಟದ ಚಿಕ್ಕತಾಯಮ್ಮನ ತಕ್ಕಡಿ ಬಂತು,
ತೂಗುವವನೇ ತೂಕವನ್ನು ತಿಂದ,
ಭಾರದ ತಟ್ಟೆಯಿಂದ ಚಿವುಟಿ ಚಿವುಟಿ
ಸಮ ಮಾಡುತ್ತ ಮಾಡುತ್ತ ಗಂಟೆ ಬಾರಿಸಿತು.
ನಲವತ್ತೊಂದನೇ ಪುಟ ನಲವತ್ತೊಂದರಲ್ಲೇ ಉಳಿಯಿತು.

ಸ್ಟಾಫ್ ರೂಮಿನಲ್ಲಿ ಅವರು ಒಂದು ನೋಟ್‌ಬುಕ್ಕು ತೆಗೆದು
ತಮ್ಮ ಹೆಸರಿನ ಕೆಳಗೆ ತಾವೇ ಬರೆದರು:
‘ಪಾಠ ಮುಗಿಯಲಿಲ್ಲ. ಬೆಲ್ಲ ಮುಗಿಯಿತು.
ತಪ್ಪು ನನ್ನದು, ತಿದ್ದಿದ್ದು ಗಾನವಿ.’
ಬರೆದು, ಮೇಜಿನ ಮೇಲೆ ನಮ್ಮ ಕಡೆ ತಳ್ಳಿದರು.
ನಾವು ಅದನ್ನು ಮುಟ್ಟಲಿಲ್ಲ, ಒಂದು ವಾರ.

ಬುಧವಾರ ಮೂರನೇ ಪೀರಿಯಡ್ಡು
ನನ್ನ ಆರನೇ ಕ್ಲಾಸಿಗೆ ಅವರೇ ಹೋಗತೊಡಗಿದರು,
ನಾನು ಫರೀದಾಳ ಪಾಠ ನೋಡಲೆಂದು.
ನನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಮುಂದೆ
ಮೊದಲ ದಿನ ಕಿಟಕಿಯಾಚೆ ನಾಲೆ ನೋಡುತ್ತ ಕೂತಿದ್ದೆ.
ಮೂರನೇ ಬುಧವಾರ ಪೆನ್ನು ತೆಗೆದೆ.

ಆಫೀಸಿನಿಂದ ಫೋನು:
‘ಫೋಟೋ ಎಲ್ಲಿ? ಶೇಕಡಾ ಎಷ್ಟಾಯಿತು?’
ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ, ಕದ್ದೇ.
‘ಇನ್ನೂ ಕುದೀತಾ ಅದೆ ಸಾರ್.
ಹದ ಬರೋ ಮುಂಚೆ ಅಚ್ಚಿಗೆ ಹುಯ್ದರೆ ಬೆಲ್ಲ ಕೂರಾಕಿಲ್ಲ.
ನನ್ನ ಮೇಷ್ಟ್ರುಗಳಿಗೆ ದೀಪಾವಳಿವರೆಗೂ ಟೈಮು ಕೊಡಿ.
ನೋಟೀಸು ಕೊಡದಾದ್ರೆ ನನ್ ಹೆಸರಿಗೆ ಕೊಡಿ.’
ಆಫೀಸಿಗೂ ನನಗೂ ನಡುವೆ
ಯಾರಾದರೂ ನಿಂತದ್ದು ಅದೇ ಮೊದಲು.

ಪೂರಾ ಬದಲಾದೆ ಎಂದರೆ ಸುಳ್ಳು.
ತಲೆ ನೋಯುವ ದಿನ ಈಗಲೂ
ಬೋರ್ಡಿನ ಮೇಲೆ ಮೊದಲು ಗೆರೆಯನ್ನೇ ಎಳೆಯುತ್ತೇನೆ.
ಕಿಟಕಿಯಲ್ಲಿ ಮೇಡಂ ನೋಡುತ್ತಾರೆ,
ನೋಡಿದ್ದು ನನಗೆ ಗೊತ್ತೆಂದು ಗೊತ್ತಾಗಿ, ಮುಂದೆ ಹೋಗುತ್ತಾರೆ.
ನೋಟ್‌ಬುಕ್ಕಿನಲ್ಲಿ ನನ್ನದೂ ಒಂದು ಸಾಲಿದೆ:
‘ಮುಕ್ಕಾಲು ಎಂದರೇನು ಎಂದು ಕೇಳಿದೆ.
ಉತ್ತರ ನಾನೇ ಹೇಳಿಬಿಡದೆ ಕಾದೆ.’

ಬೀರುವಿನ ಅಡಿಯ ಆ ಚೂರು ಇನ್ನೂ ಅಲ್ಲೇ ಇದೆ.
ಇರುವೆಗಳು ಸಾಲು ಹಿಡಿದು ಬರುತ್ತವೆ.
ಅದು ಎಷ್ಟರಲ್ಲಿ ಎಷ್ಟು ಎಂದು
ಯಾರೂ ಲೆಕ್ಕ ಹಾಕಿಲ್ಲ.