ರಾತ್ರಿ ಪಾಳಿ

ಮಹಾಲಿಂಗಪುರದ ಆಚೆ, ಫ್ಯಾಕ್ಟರಿಯ ಅಂಗಳದಲ್ಲಿ
ನೂರಾ ನಲವತ್ತು ಟ್ರ್ಯಾಕ್ಟರು ಪಾಳಿ ಹಚ್ಚಿವೆ.
ಮಿಲ್ಲಿನ ಒಂದು ರೋಲರು ನಿನ್ನೆಯಿಂದ ಮುನಿಸಿಕೊಂಡಿದೆ.
ಡ್ರೈವರ್ ದುಂಡಪ್ಪ ಟ್ರಾಲಿಯ ಕೆಳಗೆ
ಕೌದಿ ಹೊದ್ದು ಗೊರಕೆ ಹೊಡೆಯುತ್ತಾನೆ.
ಅವನ ಮೇಲೆ ಹತ್ತು ಟನ್ ಕಬ್ಬು ಎಚ್ಚರವಾಗಿದೆ.

ಕಡಿದು ಮೂವತ್ತು ತಾಸಾಯಿತು.
ಕಡಿದದ್ದನ್ನು ಕಬ್ಬಿಗೆ ಯಾರೂ ಹೇಳಿಲ್ಲ.
ಗಣ್ಣುಗಣ್ಣಿನ ಕಣ್ಣು ಇನ್ನೂ ಮೊಳೆಯುವ ಮಾತಾಡುತ್ತದೆ.
ಮೊಳಕೆಗೆ ಬುತ್ತಿ ಬೇಕು,
ಬುತ್ತಿ ಕಟ್ಟಲು ಒಳಗೊಬ್ಬಳು ಕೆಲಸಕ್ಕೆ ಕೂತಿದ್ದಾಳೆ.

ನನ್ನ ಪಾಳಿ ಲ್ಯಾಬಿನಲ್ಲಿ.
ರಸ ಸೋಸಿ, ಉದ್ದ ಕೊಳವೆಗೆ ತುಂಬಿ,
ಬೆಳಕು ಹಾಯಿಸಿ ನೋಡುವುದು.
ಸಕ್ಕರೆ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ,
ಎಷ್ಟು ತಿರುಗಿತೋ ಅಷ್ಟು ಸಕ್ಕರೆ.
ನಿನ್ನೆ ಹದಿನೆಂಟಕ್ಕೆ ನಿಂತಿದ್ದ ಅಂಕಿ
ಇಂದು ಹದಿನೇಳರ ಕೆಳಗೆ.
ಬಲಕ್ಕೆ ಹೊರಟ ಬೆಳಕು ಯಾರೋ ಕರೆದ ಹಾಗೆ
ಎಡಕ್ಕೆ ವಾಲಿದೆ.
ಕಳ್ಳರು ಬಂದಿಲ್ಲ, ಇಲಿ ತಿಂದಿಲ್ಲ.
ನಾನು ‘ನಷ್ಟ’ ಎಂದು ಬರೆಯಬೇಕು.

“ಕಿಣ್ವದ ಕೆಲಸ,” ಅಂದರು ಹೊಸಮನಿ ಸಾಹೇಬರು,
“ಕೀಲಿಗೆ ಕೀಲಿಕೈ ಕೂತಂಗ.”
ಹೌದ್ರಿ ಅಂದೆ.
ಆದರೆ ಕೀಲಿ ಕಬ್ಬಿಣ. ಕೀಲಿಕೈ ಬಂತೆಂದು
ಮೈ ಸರಿಸಿ ಜಾಗ ಮಾಡಿಕೊಡುವುದಿಲ್ಲ.
ನಾನು ಮಣಿಯಾರರ ಮನೆಯವನು,
ಆ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಕೈ ಒಂದೇ.

ಢವಳೇಶ್ವರದ ಓಣಿ. ನನಗಾಗ ಒಂಬತ್ತು.
ಬಳೆಯ ಮಲಾರ ನನ್ನ ಹೆಗಲ ಮೇಲೆ.
ಬಸಿರಿ ಕಾಶವ್ವನ ಕೈ ಬಾತುಹೋಗಿ ಬಳೆ ಕಚ್ಚಿಕೊಂಡಿವೆ,
ಆಸ್ಪತ್ರೆಗೆ ಒಯ್ಯುವ ಜೀಪು ಹೊರಗೆ ಗುರುಗುಡುತ್ತಿದೆ.
ನರ್ಸು ಒಡೆಯಿರಿ ಅಂದಳು.
ಅತ್ತೆ ಬೇಡವೇ ಬೇಡ ಅಂದಳು.
ನಮ್ಮವ್ವ ಮಲೀಕಬಿ ಯಾರಿಗೂ ಏನೂ ಅನ್ನದೆ
ಮೊದಲು ತನ್ನ ಅಂಗೈಯನ್ನು ಆ ಕೈಗೆ ತಕ್ಕ ಹಾಗೆ ಬಾಗಿಸಿದಳು.
ಹೆಬ್ಬೆರಳ ಬುಡ ಒತ್ತಿ, ಎಲುಬಿನ ಸಂದಿ ಹುಡುಕಿ,
ಕೈ ಕೈಯಾಗಿ ಉಳಿಯದ, ಇನ್ನೇನೂ ಆಗದ
ಒಂದು ಗಳಿಗೆಗೆ ತಂದು ನಿಲ್ಲಿಸಿ,
ಸಂದಿಯಲ್ಲಿ ಹನಿ ನೀರು ಬಿಟ್ಟಳು.
ಬಳೆ ಜಾರಿತು. ಮತ್ತೊಂದು. ಮತ್ತೊಂದು.

“ಎಲ್ಲಾರೂ ಎಳೀತಾರ,” ಅಂದಳು ದಾರಿಯಲ್ಲಿ,
“ಎಳಿಯೂದಲ್ಲೋ ತಮ್ಮಾ.
ಬಳಿ ತಾನ ಹೊರಗ ಬರೂ ಆಕಾರ ಒಂದ ಇರತೈತಿ ಕೈಯಾಗ.
ಅಲ್ಲೀತನಕಾ ಕರಕೊಂಡ ಹೋಗೂದು, ಅಷ್ಟ.”

ಸಕ್ಕರೆಯೆಂದರೆ ಒಂದಕ್ಕೊಂದು ಕಚ್ಚಿಕೊಂಡ ಎರಡು ಬಳೆ.
ಬರೀ ನೀರಲ್ಲಿ ಬಿಟ್ಟರೆ
ತಲೆಮಾರುಗಟ್ಟಲೆ ಹಾಗೇ ಕೂತಿರಬಲ್ಲವು.
ಈ ಒಳಗಿನ ಮಣಿಯಾರ್ತಿ ಬರುತ್ತಾಳೆ,
ಹಿಡಿಯುತ್ತಾಳೆ, ತಾನೂ ಬಾಗುತ್ತಾಳೆ,
ನಡುವೆ ಒಂದು ಹನಿಯ ಹನಿಯಷ್ಟು ನೀರು,
ಎರಡೂ ಬೇರೆ.
ಕೂಲಿ ಕೇಳುವುದಿಲ್ಲ, ಮೈಗೊಂದು ಗೀರಿಲ್ಲ,
ನಾನು ರೆಪ್ಪೆ ಬಡಿಯುವಷ್ಟರಲ್ಲಿ ಎಷ್ಟೋ ಮನೆ ದಾಟಿರುತ್ತಾಳೆ.

ರೋಲರು ಸರಿಹೋದರೆ ಬೆಳಗಿಗೆ
ರಸ ಕಾಯುವ ಹಂಡೆಗೆ ಹೋಗುತ್ತದೆ.
ಅಲ್ಲಿ ಅವಳ ಮಡಿಕೆ ಬಿಚ್ಚುತ್ತದೆ.
ಮೈಯೆಲ್ಲ ಇದ್ದೂ ಅಂಗೈ ಮರೆತವಳು,
ಬಿಸಿ ನೊರೆಯಲ್ಲಿ ಬರೀ ದಾರ.
ಅದನ್ನು ನಾವು ಕೆನೆ ತೆಗೆದಂತೆ ತೆಗೆದುಹಾಕುತ್ತೇವೆ.

ಆರು ಗಂಟೆ. ಚಹಾದ ಗಾಡಿಯ ಹತ್ತಿರ
ದುಂಡಪ್ಪ ತನ್ನ ಹೇರಿನಿಂದಲೇ ಒಂದು ಗಳ ಎಳೆದು
ಹಲ್ಲಿನಿಂದ ಸಿಗಿಯುತ್ತಾನೆ.
“ಯಾಕೋ ನಿನ್ನಿಗಿಂತ ಇವತ್ತ ಸೀ ಹೆಚ್ಚಾಗೇತಲ್ರೀ!”

ಹೆಚ್ಚಾಗೇತಿ.
ಕಾಶವ್ವನ ಅತ್ತೆಯೂ ಅದನ್ನೇ ಹೇಳಿದ್ದಳು,
ಕೊನೆಯ ಒಂದು ಬಳೆ ಚಿಟ್ ಎಂದಾಗ:
ಒಡೀತು ಅನಬ್ಯಾಡ್ರಿ, ಹೆಚ್ಚಾತು ಅನ್ರಿ.

ಎರಡಾದ ಸಕ್ಕರೆ ನಾಲಿಗೆಗೆ ಹೆಚ್ಚೇ ಸಿಹಿ.
ಹರಳುಗಟ್ಟುವುದಿಲ್ಲ, ಅಷ್ಟೇ,
ಚೀಲಕ್ಕೆ ಬರುವುದಿಲ್ಲ.
ನಾನು ರಿಜಿಸ್ಟರು ತೆರೆದು ನಷ್ಟ ಎಂದೇ ಬರೆಯುತ್ತೇನೆ.
ದುಂಡಪ್ಪನ ನಾಲಿಗೆಗೆ ಅದರಲ್ಲಿ ಕಾಲಂ ಇಲ್ಲ.