ಮೇಲಿನ ಮೊಳೆ

ಮೇಲಿನ ಮೊಳೆ ಬಿದ್ದುಹೋಗಿ ಮೂರು ಚಳಿಗಾಲ.
ಹಿತ್ತಾಳೆಯ ಆರು
ಕೆಳಗಿನ ಮೊಳೆಗೆ ಜೋತುಬಿದ್ದು
ತಲೆಕೆಳಗಾಗಿ ಒಂಬತ್ತಾಗಿತ್ತು.
ಅಂಚೆಯವನಿಗೆ ಗೊತ್ತು, ಹಾಲಿನವನಿಗೆ ಗೊತ್ತು.
ಗಾಳಿಗಂತೂ ನಂಬರು ಬೇಕಿಲ್ಲ,
ಪೀಟರ್‌ಹೆಡ್ಡಿನಲ್ಲಿ ಅದು ಯಾರ ಮನೆಗೂ ಕೇಳಿ ಬರುವುದಿಲ್ಲ.

ಪೊಲೀಸರಿಗೆ ಗೊತ್ತಿರಲಿಲ್ಲ.
ನಸುಕಿನ ಐದಕ್ಕೆ, ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದು
ಒಂದು ಬೂಟು ಕಳಚಿದ್ದೆ ಅಷ್ಟೇ,
ಕೆಂಪು ಬಣ್ಣದ ಕಬ್ಬಿಣದ ದಿಮ್ಮಿ ಬಾಗಿಲ ಹೊಟ್ಟೆಗೆ ಗುದ್ದಿತು.
ಎರಡನೇ ಏಟಿಗೆ ಚಿಲಕ, ಮೂರಕ್ಕೆ ಬಾಗಿಲವಾಡ.
ಒಳನುಗ್ಗಿದವರು
ಒಂಟಿಕಾಲಲ್ಲಿ ನಿಂತ ನನ್ನನ್ನು ನೋಡಿ
"ಇದು ಒಂಬತ್ತಲ್ಲವೇ?" ಅಂದರು.

ನಿಜವಾದ ಒಂಬತ್ತು ಎದುರು ಸಾಲಿನಲ್ಲಿದೆ.
ಅಲ್ಲಿಯ ಹುಡುಗ ರೋರಿ ಆ ಸಂಜೆ
ಒಂದು ಪ್ಲೈವುಡ್ ಹಲಗೆ ಹೊತ್ತು ತಂದ.
ಅವನು ಹಿಡಿದ, ನಾನು ಬಡಿದೆ.
ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದೆ, ಹಾಗಾಗಿ ಏನೂ ಕೇಳಲಿಲ್ಲ.
ಅವನ ಬಾಯಲ್ಲಿ ಮೊಳೆ ಇರಲಿಲ್ಲ.
ಅವನೂ ಏನೂ ಹೇಳಲಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು, ಸರಿ.
ಸೂರೆ ಹೋಗುವಂಥದ್ದೇನಿತ್ತು ಇಲ್ಲಿ?
ಎರಡು ಕುರ್ಚಿ, ಒಂದು ಕೆಟಲು, ಒಂದಿಷ್ಟು ಬಿಸಿ.
ಬಿಸಿಯನ್ನು ಹಳೇ ಬಾಗಿಲ ಸಂದಿನಿಂದ
ಗಾಳಿ ದಿನಾ ಕದ್ದೊಯ್ಯುತ್ತಲೇ ಇತ್ತು,
ಅದನ್ನು ಹಿಡಿಯಲು ಯಾರೂ ಬಂದಿರಲಿಲ್ಲ.

ಕ್ಷಮಾಪಣೆಯ ಪತ್ರ ಬಂತು. ಹಣ ಬಂತು.
ಪೆಟಿಗ್ರೂ ಎಂಬಾತ ಬಂದ, ಪೆಟ್ಟಿಗೆ ಬಿಚ್ಚಿ
ಕತ್ತರಿಸಿದ ಬಾಗಿಲ ಮೂಲೆಯೊಂದನ್ನು
ಕೇಕಿನ ತುಂಡಿನಂತೆ ನನ್ನ ಕೈಗಿಟ್ಟ.
ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹಳದಿ ನೊರೆ,
ಅಂಚಿಗೆ ಎರಡು ಸುತ್ತು ರಬ್ಬರು.
"ಶಾಖ ಸೋರುವ ಅಂಕಿ ಇದು, ಕಮ್ಮಿ ಆದಷ್ಟೂ ಒಳ್ಳೆಯದು" ಅಂದ.
ನನಗೆ ಸಂಬಳ ಕೊಡುವವರೂ ಹಾಗೇ ಅನ್ನುತ್ತಾರೆ.
"ಬೀಗ ಐದು ಕಡೆ ಕಚ್ಚುತ್ತದೆ.
ಮುರಿಯಲು ಹೋದರೆ ಇನ್ನೂ ಬಿಗಿದುಕೊಳ್ಳುತ್ತದೆ."
ತಂಗಿ ಮೋರಾಗ್ ನೆನಪಾದಳು.
ಆ ಕಬ್ಬಿಣದ ದಿಮ್ಮಿಗೆ? ಅಂತ ಕೇಳಿದೆ.
ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ
"ಇದು ಕಳ್ಳರಿಗಾಗಿ ಮಾಡಿದ್ದು, ಮೇಡಂ" ಅಂದ.

ಅಂಚೆಯ ಕಿಂಡಿ ಬೇಡವೇ ಬೇಡ, ಚಳಿಗೆ ಅದೇ ಹೆದ್ದಾರಿ,
ಹೊರಗೊಂದು ಡಬ್ಬಿ ಸಾಕು ಎಂದ. ಒಪ್ಪಿದೆ.
ಹನ್ನೆರಡು ಬಣ್ಣಗಳಲ್ಲಿ ಕಡುನೀಲಿ ಒಪ್ಪಿದೆ.
ನಂಬರನ್ನು ಬಾಗಿಲಲ್ಲೇ ಕೊರೆಸಿದೆ,
ಇನ್ನು ಯಾವ ಮೊಳೆ ಬಿದ್ದರೂ ಆರು ಆರೇ.
ಹಳೇ ಮೊಳೆಗಳನ್ನು ಕಿತ್ತು
ರೋರಿಯ ಹಲಗೆ ಅವನಿಗೇ ಮರಳಿಸಿದೆ.

ಮೊದಲ ರಾತ್ರಿ ಕಿವಿಗೆ ಹತ್ತಿ ತುರುಕಿದಂತಿತ್ತು.
ಕಡಲಕ್ಕಿಯಿಲ್ಲ, ಲಾರಿಯಿಲ್ಲ,
ಕಿಂಡಿಯ ತಗಡು ಎತ್ತಿ ಎತ್ತಿ ಬೈಯುತ್ತಿದ್ದ ಗಾಳಿಯಿಲ್ಲ.
ಒಂದು ಸ್ವೆಟರ್ ಕಳಚಿದೆ. ಇನ್ನೊಂದನ್ನೂ ಕಳಚಿದೆ.
ವರ್ಷಗಳ ಮೇಲೆ ನನ್ನ ಮೊಣಕೈ ನಾನೇ ನೋಡಿದೆ.
ಸುಖವಾಗಿತ್ತು. ಸುಳ್ಳೇಕೆ ಹೇಳಲಿ.

ಮಂಗಳವಾರ ಪಾಳಿಗೆ ರಜೆ.
ಎಂಟಕ್ಕೆದ್ದು ಐದೂ ಕೊಕ್ಕೆ ಬಿಡಿಸಿ ಬಾಗಿಲು ತೆಗೆದರೆ
ಬೀದಿಯ ತುಂಬ ಸೀಳು ಮರ.
ನಸುಕಿನಲ್ಲಿ ಅವರು ಬಂದಿದ್ದರಂತೆ,
ಈ ಸಲ ಸರಿಯಾದ ನಂಬರಿಗೆ.
ಗುದ್ದಿದ್ದರಂತೆ, ತಾಯಿ ಕೂಗಿದ್ದಳಂತೆ,
ಬೀದಿಯೆಲ್ಲ ಕಿಟಕಿಗೆ ಬಂದಿತ್ತಂತೆ.
ನಾನೊಬ್ಬಳು ಬೆಚ್ಚಗೆ ಮಲಗಿದ್ದೆ.

ಇಷ್ಬೆಲ್ ಆ ಹಲಗೆಯನ್ನು
ತನ್ನ ಬಾಗಿಲಿದ್ದ ಜಾಗಕ್ಕೆ ಭುಜಕೊಟ್ಟು ಒತ್ತಿ ನಿಂತಿದ್ದಳು.
ಅಂಚಿನಲ್ಲಿ ನಾನು ಬಡಿದ ತೂತುಗಳೇ, ನನ್ನ ಸೊಟ್ಟ ಸಾಲೇ.
ಕೈಗೆ ಸುತ್ತಿಗೆ ಸಿಕ್ಕಿತು. ಚಪ್ಪಲಿ ಸಿಗಲಿಲ್ಲ.
ಹೊಸ ಬಾಗಿಲು ಹಾರುಹೊಡೆದಿತ್ತು,
ಮನೆಯ ಬಿಸಿಯೆಲ್ಲ ನನ್ನ ಬೆನ್ನ ಹಿಂದೆಯೇ
ರಸ್ತೆ ದಾಟಿ ಬಂತು.

ಅವಳು ನನ್ನ ಮುಖ ನೋಡಲಿಲ್ಲ.
ಅಂಗೈ ಚಾಚಿ ಮೊಳೆ ಕೊಟ್ಟಳು.
ಮೇಲಿನದು ಮೊದಲು, ಅಂದೆ.